ಮರದ ಬುಡಕ್ಕೆ ಸಣ್ಣ ಲೋಡರ್ ತಲುಪಲಿ: ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೆ ಒಂದು ಮನವಿ

ಇವರಿಗೆ,
ಮುಖ್ಯ ಆಯುಕ್ತರು,
ಗ್ರೇಟರ್ ಬೆಂಗಳೂರು ಪ್ರಾಧಿಕಾರ,
ಬೆಂಗಳೂರು.

ವಿಷಯ: ಮರಗಳ ಆರೈಕೆ ಮತ್ತು ಬಿದ್ದ ಮರಗಳ ತೆರವಿಗೆ ಬೇಕಾದ ಸಣ್ಣ ಲೋಡರ್‌ಗಳನ್ನು ಲಾರಿಯಲ್ಲಿ ಸುರಕ್ಷಿತವಾಗಿ ಸಾಗಿಸಲು ನಿಯಮ, ದರ ಹಾಗೂ ಜಾಗ ಗೊತ್ತುಪಡಿಸುವ ಕುರಿತು.

ಮಾನ್ಯರೇ,

2024ರ ಜೂನ್ 2, ಭಾನುವಾರ. ಅಂದು ಬೆಂಗಳೂರಿನಲ್ಲಿ 111.1 ಮಿಲಿಮೀಟರ್ ಮಳೆ ಸುರಿಯಿತು. ಜೂನ್ ತಿಂಗಳ ಒಂದು ದಿನದ ಮಳೆಯ ಲೆಕ್ಕದಲ್ಲಿ 1891ರಿಂದ ಉಳಿದುಕೊಂಡಿದ್ದ ದಾಖಲೆ ಮುರಿಯಿತು. ಊರಿನ ಉದ್ದಗಲಕ್ಕೂ ಮರಗಳು ಉರುಳಿದವು. ಎಂ.ಜಿ. ರಸ್ತೆ ಮತ್ತು ಟ್ರಿನಿಟಿ ನಿಲ್ದಾಣಗಳ ನಡುವೆ ಮೆಟ್ರೊ ಹಳಿಯ ಮೇಲೆ ಮರ ಬಿದ್ದು ನೇರಳೆ ಮಾರ್ಗದ ಓಡಾಟಕ್ಕೂ ಅಡ್ಡಿಯಾಯಿತು. ಅಂಥ ರಾತ್ರಿಗಳಲ್ಲಿ ಗರಗಸ ಹಿಡಿದು ಬೀದಿಗಿಳಿಯುವವರು, ದಿಮ್ಮಿ ಎತ್ತುವವರು, ಯಂತ್ರ ಓಡಿಸುವವರು, ಸಣ್ಣ ಲಾರಿ ಇಟ್ಟುಕೊಂಡು ಬಾಡಿಗೆಗೆ ಬರುವವರು ಸೇರಿ ಈ ಮನವಿಯನ್ನು ಸಲ್ಲಿಸುತ್ತಿದ್ದಾರೆ.

ಮರ ಬಿದ್ದ ಸುದ್ದಿ ಬಂದ ಮೇಲೆ ಜನರ ಕಣ್ಣಿಗೆ ಬೀಳುವುದು ಚೈನ್ ಸಾ. ಆದರೆ ಹೊತ್ತು ಹಿಡಿಯುವುದು ಕೊಯ್ಯುವ ಕೆಲಸವಲ್ಲ, ಕೊಯ್ದದ್ದನ್ನು ಎತ್ತುವ ಕೆಲಸ. ಒಂದು ಮೀಟರ್ ದಪ್ಪದ ಮಳೆಮರದ ಬೊಡ್ಡೆಯಿಂದ ಮೂರು ಮೀಟರ್ ಉದ್ದದ ತುಂಡು ಕೊಯ್ದರೆ ಹಸಿಯಲ್ಲಿ ಅದು ಎರಡು ಟನ್ ಹತ್ತಿರ ತೂಗುತ್ತದೆ. ಅರವತ್ತು ಸೆಂಟಿಮೀಟರ್ ದಪ್ಪ, ಎರಡು ಮೀಟರ್ ಉದ್ದದ ತುಂಡೇ ಅರ್ಧ ಟನ್. ಹಗ್ಗ ಬಿಗಿದು, ಹಾರೆ ಮೀಟಿ, ಆರೇಳು ಮಂದಿ ಸೇರಿ ಇಂಥ ದಿಮ್ಮಿಯನ್ನು ಲಾರಿಗೆ ಉರುಳಿಸುವಾಗ ಒಬ್ಬರ ಕಾಲು ಜಾರಿದರೂ ದಿಮ್ಮಿ ಮೈಮೇಲೆ ಬರುತ್ತದೆ. ಸೊಂಟ ಹಿಡಿದುಕೊಂಡು ಈ ಕಸುಬು ಬಿಟ್ಟವರು ಪ್ರತಿ ತಂಡದಲ್ಲೂ ಇದ್ದಾರೆ.

ಇಂಥ ಕೆಲಸಕ್ಕೆ ಹೊಂದುವ ಯಂತ್ರ ಇದೆ. ಕಂಪನಿ ಯಾವುದಾದರೂ ಇಲ್ಲಿನವರು ಅದನ್ನು ಬಾಬ್‌ಕ್ಯಾಟ್ ಎಂದೇ ಕರೆಯುತ್ತಾರೆ. ಕಾಗದದ ಮೇಲೆ ಅದು ಸ್ಕಿಡ್ ಸ್ಟಿಯರ್ ಲೋಡರ್. 1957ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಸಿರಿಲ್ ಮತ್ತು ಲೂಯಿಸ್ ಕೆಲ್ಲರ್ ಎಂಬ ಅಣ್ಣತಮ್ಮಂದಿರು ಟರ್ಕಿ ಕೋಳಿ ಸಾಕುವವರೊಬ್ಬರ ಇಕ್ಕಟ್ಟಾದ ಶೆಡ್ ಗುಡಿಸಲೆಂದು ಮಾಡಿಕೊಟ್ಟ ಪುಟ್ಟ ಲೋಡರ್ ಇದರ ಮೂಲ. ಇಕ್ಕಟ್ಟಿನಲ್ಲಿ ನಿಂತಲ್ಲೇ ತಿರುಗುವುದು ಇದರ ಹುಟ್ಟುಗುಣ. ಮಧ್ಯಮ ಗಾತ್ರದ್ದು ಎರಡೂವರೆಯಿಂದ ಮೂರು ಟನ್ ತೂಗುತ್ತದೆ, ಅಗಲ ಎರಡು ಮೀಟರ್‌ಗಿಂತ ಕಡಿಮೆ. ಬಕೆಟ್ ಬಿಚ್ಚಿ ದಿಮ್ಮಿ ಹಿಡಿಯುವ ಪಂಜ ಜೋಡಿಸಿದರೆ ಅರ್ಧ ಟನ್ನಿನ ತುಂಡನ್ನು ಎತ್ತಿ ಲಾರಿಯೊಳಗೆ ಇಡುತ್ತದೆ. ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಿ, ಬಸವನಗುಡಿಯ ಹಳೆಯ ಬೀದಿಗಳಲ್ಲಿ, ಒಂದು ಬದಿ ಕಾರು ಇನ್ನೊಂದು ಬದಿ ಚರಂಡಿ ಇರುವ ಜಾಗದಲ್ಲಿ ಇದಕ್ಕಿಂತ ತಕ್ಕ ಯಂತ್ರ ಮನವಿದಾರರಿಗೆ ಗೊತ್ತಿಲ್ಲ.

ಹೀಗಿದ್ದರೂ ಮರ ಬಿದ್ದಲ್ಲಿಗೆ ಸಾಮಾನ್ಯವಾಗಿ ಬರುವುದು ಜೆಸಿಬಿ. ಕಾರಣ ಸರಳ. ಜೆಸಿಬಿ ತನ್ನ ಚಕ್ರದ ಮೇಲೆ ತಾನೇ ಓಡಿಕೊಂಡು ಬರುತ್ತದೆ, ಬಾಬ್‌ಕ್ಯಾಟ್ ಬರಲಾರದು. ಅದರ ಚಕ್ರಗಳು ಕಾರಿನವುಗಳಂತೆ ಓರೆಯಾಗಿ ತಿರುಗುವುದಿಲ್ಲ. ಒಂದು ಬದಿಯ ಚಕ್ರ ನಿಧಾನಿಸಿ ಇನ್ನೊಂದು ಬದಿಯದು ಓಡಿದಾಗ ಯಂತ್ರ ನೆಲವನ್ನು ಉಜ್ಜಿಕೊಂಡು ತಿರುಗುತ್ತದೆ. ಟಾರು ರಸ್ತೆಯಲ್ಲಿ ಟೈರೂ ಸವೆಯುತ್ತದೆ, ರಸ್ತೆಯೂ ಕಿತ್ತುಬರುತ್ತದೆ. ವೇಗ ಗಂಟೆಗೆ ಹತ್ತು ಹನ್ನೆರಡು ಕಿಲೋಮೀಟರ್. ಯಲಹಂಕದಿಂದ ಜಯನಗರಕ್ಕೆ ಅದನ್ನು ಓಡಿಸಿಕೊಂಡು ಹೋದರೆ ಎರಡು ಗಂಟೆ ಹಿಡಿದೀತು, ಹಿಂದಿನ ವಾಹನಗಳೆಲ್ಲ ತೆವಳಬೇಕಾದೀತು. ಅದು ಲಾರಿ ಏರಿಯೇ ಬರಬೇಕು. ಹಾಗಾಗಿ ಯಾವ ಯಂತ್ರ ಮರದ ಬಳಿಗೆ ಬರಬೇಕೆಂಬುದನ್ನು ಮರದ ಅಗತ್ಯ ತೀರ್ಮಾನಿಸುತ್ತಿಲ್ಲ, ಲಾರಿ ಸಿಕ್ಕಿತೋ ಇಲ್ಲವೋ ಎಂಬುದು ತೀರ್ಮಾನಿಸುತ್ತಿದೆ. ಮನವಿದಾರರ ಅಳಲಿನ ತಿರುಳು ಇದು.

ಇದರ ಪೆಟ್ಟು ಬೀಳುವುದು ನಿಂತ ಮರಗಳಿಗೆ. ಏಳೂವರೆ ಟನ್ ಆಸುಪಾಸಿನ ಜೆಸಿಬಿ ಉರುಳಿದ ಮರವನ್ನು ಎಳೆಯಲು ಹೋಗಿ ಪಕ್ಕದ ಮರದ ಬುಡದ ಮೇಲೆ ಹತ್ತಿಳಿಯುತ್ತದೆ. ಮರಕ್ಕೆ ನೀರು, ಸಾರ ಒದಗಿಸುವ ಸಣ್ಣ ಬೇರುಗಳಲ್ಲಿ ಬಹುಪಾಲು ಮೇಲಿನ ಅರ್ಧ ಮೀಟರ್ ಮಣ್ಣಿನಲ್ಲೇ ಇರುತ್ತವೆ. ಮಳೆ ನೆನೆದ ಮಣ್ಣು ಚಕ್ರದಡಿ ಒಮ್ಮೆ ಗಟ್ಟಿಯಾಗಿ ಕುಳಿತರೆ ಬೇರು ಉಸಿರಾಡುವುದು ಕಷ್ಟ. ಎರಡು ಮೂರು ಮಳೆಗಾಲ ಕಳೆದ ಮೇಲೆ ಆ ಮರವೂ ಒಣಗುತ್ತದೆ ಇಲ್ಲವೇ ವಾಲುತ್ತದೆ, ಕಾರಣ ಯಾರಿಗೂ ನೆನಪಿರುವುದಿಲ್ಲ. ಮರದ ಬುಡದ ಸುತ್ತ ಒಂದು ಮೀಟರ್ ಜಾಗದಲ್ಲಿ ಕಾಂಕ್ರೀಟ್ ತೆಗೆಯಬೇಕೆಂದು 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯ ಪ್ರಕರಣದಲ್ಲಿ ಹೇಳಿದ್ದು ಇದೇ ಬೇರುಗಳ ಸಲುವಾಗಿ. ಕಾಂಕ್ರೀಟ್ ತೆಗೆದ ಜಾಗದ ಮೇಲೆ ಭಾರಿ ಯಂತ್ರ ನಿಲ್ಲಿಸಿದರೆ ಮಾಡಿದ ಕೆಲಸ ಅಷ್ಟೂ ವ್ಯರ್ಥ. ಸಣ್ಣ ಲೋಡರ್ ಕೂಡ ಹಗುರವೇನಲ್ಲ, ಬೇರಿನ ಜಾಗದಲ್ಲಿ ಅದಕ್ಕೂ ಹಲಗೆ ಹಾಸಬೇಕು. ಆದರೆ ಹಲಗೆ ಹಾಸಿ ನಡೆಸಬಹುದಾದ ಗಾತ್ರ ಅದರದು.

ಈ ಊರಿನ ನೆರಳಿನ ಹಿಂದೆ ದೊಡ್ಡ ದುಡಿಮೆ ಇದೆ. ಉದ್ಯಾನ ತಜ್ಞ ಕ್ರುಂಬಿಗಲ್ ಅವರ ಕಾಲದ ಸಾಲುಮರಗಳಿವೆ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ನೇತೃತ್ವದಲ್ಲಿ ನೆಟ್ಟ ಸುಮಾರು 15 ಲಕ್ಷ ಸಸಿಗಳಲ್ಲಿ ಉಳಿದು ಬೆಳೆದವು ಇವೆ. ಅವುಗಳಿಗೆ ಈಗ ನಲವತ್ತರ ವಯಸ್ಸು. ಗುಲ್‌ಮೊಹರ್‌ನಂಥ ಬೇಗ ಬೆಳೆದ ಮರಗಳಿಗೆ ಸವರುವಿಕೆ, ಭಾರ ಇಳಿಸುವಿಕೆ, ಕೆಲವಕ್ಕೆ ತೆರವು ಅನಿವಾರ್ಯವಾಗುವ ಹೊತ್ತು ಬಂದಿದೆ. ಕೆಲಸ ಹೆಚ್ಚುತ್ತಲೇ ಹೋಗುತ್ತದೆ.

ಈಗ ಲಾರಿಯ ಮಾತು. ಲೋಡರ್ ಹತ್ತಿಸಲು ಸರಿಯಾದ ರ‍್ಯಾಂಪ್ ಇರುವ ಲಾರಿ ಈ ಕಸುಬಿನಲ್ಲಿ ಅಪರೂಪ. ಸಾಮಾನ್ಯವಾಗಿ ನಡೆಯುವುದು ಹೀಗೆ: ರಸ್ತೆ ಬದಿಯ ಮಣ್ಣಿನ ದಿಬ್ಬಕ್ಕೆ ಲಾರಿಯ ಹಿಂಬದಿ ತಾಗಿಸುತ್ತಾರೆ, ದಿಬ್ಬ ಸಿಗದಿದ್ದರೆ ಎರಡು ಮರದ ಹಲಗೆ ಇಡುತ್ತಾರೆ. ಹಲಗೆಯ ಮೇಲೆ ಗರಗಸದ ಹಸಿ ಹೊಟ್ಟು, ಅದರ ಮೇಲೆ ತುಂತುರು ಮಳೆ. ಕ್ಲೀನರ್ ಹುಡುಗ ಕೈಯಲ್ಲೊಂದು ಕಲ್ಲು ಹಿಡಿದು, ಯಂತ್ರ ಜಾರಿದರೆ ಚಕ್ರಕ್ಕೆ ಒಡ್ಡಲೆಂದು ಅದರ ಕೆಳಮಗ್ಗುಲಲ್ಲೇ ನಿಂತಿರುತ್ತಾನೆ. ಮೂರು ಟನ್ ಯಂತ್ರ ಜಾರತೊಡಗಿದರೆ ಆ ಕಲ್ಲು ತಡೆಯಲಾರದು, ಆ ಹುಡುಗ ಪಾರಾಗಲಾರ.

ಲೆಕ್ಕ ಕಷ್ಟದ್ದೇನಲ್ಲ. ಲಾರಿ ಬಾಡಿಯ ತಳ ನೆಲದಿಂದ ಒಂದು ಮೀಟರ್ ಎತ್ತರವಿದ್ದರೆ ಎರಡು ಮೀಟರ್ ಹಲಗೆ 30 ಡಿಗ್ರಿಯ ಏರಾಗುತ್ತದೆ. ನಾಲ್ಕು ಮೀಟರಿನದಾದರೆ ಏರು 15 ಡಿಗ್ರಿಯೊಳಗೆ ಬರುತ್ತದೆ. ಬಕೆಟ್ ಖಾಲಿ ಇರುವಾಗ ಈ ಯಂತ್ರದ ಭಾರವೆಲ್ಲ ಹಿಂದೆ, ಎಂಜಿನ್ ಕಡೆ. ಭಾರದ ಬದಿ ಸದಾ ಏರಿನ ಮೇಲ್ಗಡೆ ಇರಬೇಕಾದ್ದರಿಂದ ಅದನ್ನು ರಿವರ್ಸ್‌ನಲ್ಲಿ ಹತ್ತಿಸಿ ಮುಂದಕ್ಕೆ ಇಳಿಸಬೇಕು. ಮುಖ ಮುಂದಾಗಿ ಹತ್ತಿಸಿದರೆ ಮುಂಚಕ್ರ ಗಾಳಿಗೇಳುತ್ತದೆ. ಇಷ್ಟು ಸಣ್ಣ ತಿಳಿವಳಿಕೆಯೂ ಒಬ್ಬ ಚಾಲಕನಿಂದ ಇನ್ನೊಬ್ಬನಿಗೆ ಬಾಯಿಮಾತಿನಲ್ಲಿ ದಾಟುತ್ತಿದೆಯೇ ಹೊರತು ಕಲಿಸುವ ವ್ಯವಸ್ಥೆ ಇಲ್ಲ.

ಹತ್ತಿಸಿದ ಮೇಲೆ ಕಟ್ಟುವುದು. ಅಮೆರಿಕದ ಫೆಡರಲ್ ಸಾಗಣೆ ನಿಯಮದ ಪ್ರಕಾರ ಹತ್ತು ಸಾವಿರ ಪೌಂಡ್, ಅಂದರೆ ಸುಮಾರು 4,536 ಕಿಲೋ ಅಥವಾ ಅದಕ್ಕೂ ಹೆಚ್ಚು ತೂಗುವ ಯಂತ್ರವನ್ನು ಕನಿಷ್ಠ ನಾಲ್ಕು ಕಡೆ ಬಿಗಿಯಬೇಕು, ಬಕೆಟ್‌ನಂಥ ಭಾಗಗಳನ್ನು ಇಳಿಸಿ ಭದ್ರಪಡಿಸಬೇಕು. ಅದಕ್ಕಿಂತ ಹಗುರವಾದ ಹೊರೆಗೂ ಬಿಗಿಯುವ ಸಾಧನಗಳ ಒಟ್ಟು ತಾಳಿಕೆ ಹೊರೆಯ ತೂಕದ ಅರ್ಧಕ್ಕಿಂತ ಕಡಿಮೆ ಇರಬಾರದು. ಇಲ್ಲಿ ತೆಂಗಿನ ನಾರಿನ ಹಗ್ಗದಲ್ಲಿ ಕಟ್ಟಿದ ಲೋಡರ್‌ಗಳು ಫ್ಲೈಓವರ್ ಏರಿ ಇಳಿಯುತ್ತವೆ. ಹಿಂದೆ ಸ್ಕೂಟರಿನಲ್ಲಿ ಬರುವವರಿಗೆ ಅದು ಗೊತ್ತಿರುವುದಿಲ್ಲ.

ತೂಕದ ಪ್ರಶ್ನೆ ಇನ್ನೂ ಗಂಭೀರ. ಟಾಟಾ 407 ಮಾದರಿಯ ಗಾಡಿ ಹೊರಬಹುದಾದದ್ದು ಸುಮಾರು ಎರಡೂವರೆ ಟನ್. ಲೋಡರ್ ಒಂದೇ ಆ ಮಿತಿಯನ್ನು ಮುಟ್ಟುತ್ತದೆ, ಕೆಲವು ಮಾದರಿ ಮೀರುತ್ತವೆ. ಆದರೆ ಮನವಿದಾರರಿಗೆ ಸಿಗುವ ಕೆಲಸಗಳಲ್ಲಿ ಒಂದೇ ಗಾಡಿಯ ಬಾಡಿಗೆಗೆ ಯಂತ್ರವೂ ಬರಬೇಕು, ಹೋಗುವಾಗ ಸೌದೆಯೂ ಹೋಗಬೇಕು. ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಡಿ ಮಿತಿ ಮೀರಿದ ಹೊರೆಗೆ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ 2,000 ರೂಪಾಯಿ. ಕೊಂಬೆಗಳು ಬಾಡಿಯಿಂದ ಮಿತಿ ಮೀರಿ ಹೊರಚಾಚಿದರೂ 20,000. ಈ ಕಾನೂನು ಸರಿಯಾಗಿಯೇ ಇದೆ, ಅದರಿಂದ ವಿನಾಯಿತಿಯನ್ನು ಮನವಿದಾರರು ಕೇಳುತ್ತಿಲ್ಲ. ಕಾನೂನು ಪಾಲಿಸಿ ಕೆಲಸ ಮಾಡಲು ಸಾಧ್ಯವಾಗುವ ದರ ಕೇಳುತ್ತಿದ್ದಾರೆ.

ಮೇಲಿನ ಕಾರಣಗಳಿಂದ ಮನವಿದಾರರು ಪ್ರಾಧಿಕಾರದ ಮುಂದಿಡುವ ಬೇಡಿಕೆಗಳಲ್ಲಿ ಮೊದಲನೆಯದೂ ಮುಖ್ಯವಾದದ್ದೂ ಟೆಂಡರಿಗೆ ಸಂಬಂಧಿಸಿದ್ದು. ಮರ ಸವರುವ, ತೆರವುಗೊಳಿಸುವ ಕೆಲಸಕ್ಕೆ ಟೆಂಡರ್ ಕರೆಯುವಾಗ ಸಣ್ಣ ಲೋಡರ್ ಮತ್ತು ಅದನ್ನು ತರುವ ಲಾರಿಯನ್ನು ಪ್ರತ್ಯೇಕ ಬಾಬ್ತಾಗಿ ಬರೆಯಬೇಕು. ಲಾರಿಯ ಹೊರೆ ಸಾಮರ್ಥ್ಯ, ನಾಲ್ಕು ಮೀಟರ್‌ಗೆ ಕಡಿಮೆಯಿಲ್ಲದ ಜಾರದ ಕಬ್ಬಿಣದ ರ‍್ಯಾಂಪ್ ಅಥವಾ ಕೆಟ್ಟುನಿಂತ ಕಾರುಗಳನ್ನು ಹೊರುವಂಥ ಬಾಗುವ ತಳ, ಲಾರಿಯ ತಳಕ್ಕೆ ಬೆಸುಗೆ ಹಾಕಿದ ಕೊಂಡಿಗಳು, ನಾಲ್ಕು ಚೈನು ಇವು ಷರತ್ತಿನಲ್ಲೇ ಇರಬೇಕು. ದಿಮ್ಮಿ ಒಯ್ಯುವ ಗಾಡಿಗೆ ಬೇರೆ ದರ ಕೊಡಬೇಕು. 2025ರ ಸೆಪ್ಟೆಂಬರ್ 2ರಿಂದ ನಗರದಲ್ಲಿ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂದು ಐದು ಪಾಲಿಕೆಗಳಿವೆ. ಒಂದೊಂದು ಪಾಲಿಕೆ ಒಂದೊಂದು ಷರತ್ತು ಹಾಕಿದರೆ ಒಂದು ಲಾರಿಯನ್ನು ಐದು ಬಗೆಯಲ್ಲಿ ಸಜ್ಜುಗೊಳಿಸಬೇಕಾಗುತ್ತದೆ. ಐದಕ್ಕೂ ಒಂದೇ ಮಾದರಿಯನ್ನು ಪ್ರಾಧಿಕಾರವೇ ಗೊತ್ತುಮಾಡಲಿ.

ದಟ್ಟಣೆಯ ಹೊತ್ತಿನಲ್ಲಿ ಸರಕು ವಾಹನಗಳಿಗೆ ಇರುವ ನಿರ್ಬಂಧವನ್ನು ಮನವಿದಾರರು ಒಪ್ಪುತ್ತಾರೆ. ಆದರೆ ಸಂಜೆಯ ಮಳೆಗೆ ಮರ ಬೀಳುವುದು ಅದೇ ಹೊತ್ತಿನಲ್ಲಿ. ಸಹಾಯವಾಣಿ 1533ಕ್ಕೆ ದೂರು ಬಂದು ಕೆಲಸದ ಆದೇಶ ಹೊರಟ ಕೂಡಲೇ ಆ ಲಾರಿಯ ನಂಬರಿಗೆ ಸಂಚಾರ ಪೊಲೀಸರ ತಾತ್ಕಾಲಿಕ ಅನುಮತಿ ಫೋನಿನಲ್ಲೇ ಸಿಗುವಂತಾಗಬೇಕು. ತಂತಿ ಮೇಲೆ ಬಿದ್ದ ಮರವಾದರೆ ಬೆಸ್ಕಾಂ ವಿದ್ಯುತ್ ಕಡಿತಗೊಳಿಸಿದ ಖಾತ್ರಿಯೂ ಅದೇ ಸಂದೇಶದಲ್ಲಿ ಬರಲಿ. ಯಂತ್ರ ಬಂದು ನಿಂತರೂ ಲೈನ್‌ಮನ್ ದಾರಿ ಕಾಯುವ ಗಂಟೆಗಳು ಇದರಿಂದ ಉಳಿಯುತ್ತವೆ.

ಸಾರಿಗೆ ಇಲಾಖೆಯಿಂದ ಒಂದು ಸ್ಪಷ್ಟನೆ ಕೊಡಿಸಬೇಕೆಂದೂ ಕೋರಿಕೆ. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಲೋಡರ್ ನಿರ್ಮಾಣ ಯಂತ್ರ ವಾಹನಗಳ ಪಟ್ಟಿಯಲ್ಲಿದೆ. ರಸ್ತೆಯಲ್ಲಿ ಓಡುವುದು ಅದಕ್ಕೆ ಆನುಷಂಗಿಕ ಎಂದೂ ಅಲ್ಲಿ ಹೇಳಿದೆ. ಅದೇ ಯಂತ್ರ ಲಾರಿಯ ಮೇಲೆ ಹೊರೆಯಾಗಿ ಕುಳಿತಾಗ ಯಾವ ಯಾವ ಕಾಗದ ತೋರಿಸಬೇಕು ಎಂಬುದಕ್ಕೆ ದಾರಿಯ ತಪಾಸಣೆಯಲ್ಲಿ ಒಂದೊಂದು ಕಡೆ ಒಂದೊಂದು ಉತ್ತರ ಸಿಗುತ್ತಿದೆ. ಒಂದು ಪುಟದ ಸುತ್ತೋಲೆ ಸಾಕು.

ಮುಂಗಾರಿಗೆ ಮುನ್ನ, ಏಪ್ರಿಲ್ ಮೊದಲ ವಾರದೊಳಗೆ, ಪ್ರತಿ ಪಾಲಿಕೆಯಲ್ಲಿ ಲೋಡರ್ ಹೊತ್ತ ಒಂದು ಲಾರಿಯಾದರೂ ರಾತ್ರಿ ಸಿದ್ಧವಾಗಿ ನಿಲ್ಲಲು ಪಾಲಿಕೆಯದೇ ಜಾಗ ಕೊಡಬೇಕು. ಹೊರವಲಯದ ಶೆಡ್ಡಿನಿಂದ ಹೊರಟರೆ ಮಳೆಯ ಸಂಜೆಯ ದಟ್ಟಣೆಯಲ್ಲೇ ಹೊತ್ತು ಮುಗಿಯುತ್ತದೆ. ಸಾಲುಮರಗಳು ದಟ್ಟವಾಗಿರುವ ಬಡಾವಣೆಗಳಲ್ಲಿ ಕೆಲಸದ ದಿನ ಲಾರಿ, ರ‍್ಯಾಂಪ್, ಯಂತ್ರ ಮೂರೂ ಹಿಡಿಸುವಷ್ಟು, ಅಂದರೆ ಸುಮಾರು 15 ಮೀಟರ್ ಉದ್ದದ ಜಾಗದಲ್ಲಿ ಹಿಂದಿನ ದಿನವೇ ಪಾರ್ಕಿಂಗ್ ತೆರವು ಮಾಡಿಸಬೇಕು.

ಕೊನೆಯದಾಗಿ ತರಬೇತಿ. ಯಂತ್ರ ಹತ್ತಿಸಿ ಇಳಿಸುವುದು, ಕಟ್ಟುವುದು, ಬೇರಿನ ಮೇಲೆ ಹಲಗೆ ಹಾಸುವುದು ಇಷ್ಟನ್ನು ಎರಡು ದಿನದಲ್ಲಿ ಕಲಿಸಬಹುದು. ಅದು ಕನ್ನಡದಲ್ಲಿ, ಮೈದಾನದಲ್ಲಿ, ಕೂಲಿ ಕಡಿತವಿಲ್ಲದೆ ನಡೆಯಬೇಕು. ಚಾಲಕರ ಜೊತೆ ಕ್ಲೀನರ್‌ಗಳನ್ನೂ ಕರೆಯಬೇಕು, ಏಕೆಂದರೆ ರ‍್ಯಾಂಪಿನ ಬಳಿ ನಿಲ್ಲುವವರು ಅವರೇ. ತರಬೇತಿ ಪಡೆದವರಿಲ್ಲದ ತಂಡಕ್ಕೆ ಲೋಡರ್ ಕೆಲಸ ಕೊಡಬಾರದು ಎಂಬ ಷರತ್ತನ್ನು ಮನವಿದಾರರು ತಮ್ಮ ಮೇಲೂ ಹಾಕಿಕೊಳ್ಳಲು ಸಿದ್ಧರಿದ್ದಾರೆ.

ಈ ಬೇಡಿಕೆಗಳ ಬಗ್ಗೆ ಪ್ರಾಧಿಕಾರದ ಅರಣ್ಯ ವಿಭಾಗ, ಸಂಚಾರ ಪೊಲೀಸ್ ಮತ್ತು ಸಾರಿಗೆ ಇಲಾಖೆಯ ಅಧಿಕಾರಿಗಳನ್ನು ಸೇರಿಸಿ ಒಂದು ತಿಂಗಳೊಳಗೆ ಸಭೆ ಕರೆಯಬೇಕೆಂದು ವಿನಂತಿ. ಸಭೆಯ ದಿನ ಮನವಿದಾರರು ಒಂದು ಲೋಡರ್, ಒಂದು ಲಾರಿ ಮತ್ತು ನಾಲ್ಕು ಮೀಟರ್ ರ‍್ಯಾಂಪ್ ತಂದು ಅಧಿಕಾರಿಗಳ ಎದುರೇ ಹತ್ತಿಸಿ, ಕಟ್ಟಿ ತೋರಿಸಲಿದ್ದಾರೆ. ಸ್ಥಳವನ್ನು ಪ್ರಾಧಿಕಾರ ತಿಳಿಸಿದರೆ ಸಾಕು.

ಇಂತಿ,
ನಗರದ ಮರ ಆರೈಕೆ ಕೆಲಸಗಾರರು, ಯಂತ್ರ ಚಾಲಕರು ಮತ್ತು ಸಣ್ಣ ಲಾರಿ ಮಾಲೀಕರ ಪರವಾಗಿ

ಪ್ರತಿಗಳು: ಐದೂ ನಗರ ಪಾಲಿಕೆಗಳ ಆಯುಕ್ತರಿಗೆ, ಸಾರಿಗೆ ಆಯುಕ್ತರಿಗೆ, ಬೆಂಗಳೂರು ಸಂಚಾರ ಪೊಲೀಸ್ ವಿಭಾಗದ ಮುಖ್ಯಸ್ಥರಿಗೆ.