ಲಗ್ನದ ಕ್ಯಾಸೆಟ್ಟು
ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಮನೆಗಳಲ್ಲಿ ಲಗ್ನದ ವಿಡಿಯೋ ಕ್ಯಾಸೆಟ್ಟುಗಳು ಟ್ರಂಕಿನ ತಳದಲ್ಲಿ ಉಳಿದಿರುವುದುಂಟು. ತೀರಿಕೊಂಡ ಅಜ್ಜಿಯ ದನಿ ಅದರಲ್ಲಿ ಮಾತ್ರವೇ ಇದ್ದೀತು. ಡಿವಿಡಿಗೆ ಇಳಿಸಲು ಕುಳಿತವರಿಗಾದರೋ ಅವಸರವೇ ಅವಸರ! ಮೂರು ಗಂಟೆಯ ಕ್ಯಾಸೆಟ್ಟು ಕಂಪ್ಯೂಟರಿಗೆ ಇಳಿಯಲು ಮೂರು ಗಂಟೆಯೇ ಬೇಕು, ಅಲ್ಲಿ ಉಪಾಯವಿಲ್ಲ. ಆದರೆ ಇಳಿಸುವಾಗಲೇ ಡಿವಿಡಿಗೆ ಒಪ್ಪುವ ಎಂಪೆಗ್-2 ರೂಪದಲ್ಲಿ ಇಳಿಸಿಕೊಂಡರೆ, ಇಡೀ ಚಿತ್ರವನ್ನು ಮತ್ತೆ ಪರಿವರ್ತಿಸುವ ಗಂಟೆಗಟ್ಟಲೆಯ ಕೆಲಸ ತಪ್ಪುತ್ತದೆ. ಬೀಗರಿಗೆ ಐದು ಪ್ರತಿ ಬೇಕೇ? ಡಿವಿಡಿಯ ಪೂರ್ಣ ಪ್ರತಿರೂಪವನ್ನು ಒಮ್ಮೆ ಹಾರ್ಡ್‌ಡಿಸ್ಕಿನಲ್ಲಿ ಸಿದ್ಧಪಡಿಸಿ, ಅದರಿಂದಲೇ ಐದನ್ನೂ ತೆಗೆಯಿರಿ. 4.7 ಗಿಗಾಬೈಟಿನ ತಟ್ಟೆ ತುಂಬಲು ಒಂದು ಪಟ್ಟು ವೇಗದಲ್ಲಿ ಸುಮಾರು ಒಂದು ಗಂಟೆ, 8 ಪಟ್ಟಿನಲ್ಲಿ ಹತ್ತು ನಿಮಿಷದ ಸುಮಾರು. ಅಗ್ಗದ ತಟ್ಟೆಯನ್ನು 16 ಪಟ್ಟಿಗೆ ಓಡಿಸುವುದು ನಮಗೆ ಒಪ್ಪಿಗೆಯಲ್ಲ. ಬರೆದಾದ ಮೇಲೆ ತಾಳೆ ನೋಡುವ ನಿಮಿಷಗಳನ್ನಂತೂ ಉಳಿಸಲೇಬೇಡಿರಿ, ಕ್ಯಾಸೆಟ್ಟನ್ನೂ ಎಸೆಯಬೇಡಿರಿ.