ಯಜಮಾನನೇ ಮೂಟೆ ಹೊತ್ತಾಗ

ಇಪ್ಪತ್ತು ವರ್ಷಗಳ ಹಿಂದೆ ಕೊಂಡ ಗಣಕಯಂತ್ರವನ್ನು ಇಂದಿಗೂ ಮನೆಯ ಮೂಲೆಯಲ್ಲಿ ಜೋಪಾನವಾಗಿರಿಸಿಕೊಂಡವರು ಇಲ್ಲದಿಲ್ಲ. ಮಗಳ ಮದುವೆಯ ಚಿತ್ರಗಳು, ಗತಿಸಿದ ಅಜ್ಜಿಯ ದನಿ, ಎಲ್ಲವೂ ಅದರ ಹಾರ್ಡ್ ಡಿಸ್ಕಿನಲ್ಲಿಯೇ ಉಳಿದಿರುತ್ತವೆ. ಒಂದು ದಿನ ಅವನ್ನು ನಕಲು ಮಾಡಹೊರಟರೆ, ಅರ್ಧ ಗಂಟೆಯ ಕೆಲಸ ಸಂಜೆಯಾದರೂ ಮುಗಿಯದು. ಯಂತ್ರಕ್ಕೆ ಮುಪ್ಪಡರಿತೆಂದು ಮನೆಯವರು ಕೈಚೆಲ್ಲುವರು. ಆದರೆ ಅನೇಕ ವೇಳೆ ಅದು ಮುಪ್ಪಲ್ಲ, ಅತಿ ಎಚ್ಚರಿಕೆಯ ಫಲ.

ಡಿಸ್ಕಿನಿಂದ ಮಾಹಿತಿ ಸಾಗುವ ಬಗೆ ಎರಡು. ಪಿಐಓ ಎಂಬ ಹಳೆಯ ಕ್ರಮದಲ್ಲಿ ಪ್ರಾಸೆಸರ್ ತಾನೇ ಒಂದೊಂದು ತುಣುಕನ್ನೂ ಸಾಗಿಸಬೇಕು. ಅಂಗಡಿಯ ಯಜಮಾನನೇ ಗಾಡಿಯಿಂದ ಅಕ್ಕಿಮೂಟೆ ಇಳಿಸಹೊರಟಂತೆ. ಅಷ್ಟು ಹೊತ್ತೂ ವ್ಯಾಪಾರ ಸ್ತಬ್ಧ. ಡಿಎಂಎ ಕ್ರಮದಲ್ಲಿ ಹೊರುವ ಕೆಲಸ ಹಮಾಲಿಯದು, ಲೆಕ್ಕ ನೋಡುವುದಷ್ಟೇ ಯಜಮಾನನದು. ಪಿಐಓ ನಾಲ್ಕನೆಯ ಮಟ್ಟದ ಮಿತಿ ಸೆಕೆಂಡಿಗೆ 16.6 ಮೆಗಾಬೈಟ್, ಅಲ್ಟ್ರಾ ಡಿಎಂಎ ಐದನೆಯ ಮಟ್ಟದ್ದು 100.

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ, ರವಾನೆಯ ದೋಷಗಳನ್ನು ಎಣಿಸುತ್ತ ಹೋಗುವುದು. ಒಟ್ಟು ಆರಾದೊಡನೆ ವೇಗವನ್ನು ಒಂದು ಮೆಟ್ಟಿಲು ಇಳಿಸುವುದು. ದೋಷ ನಿಲ್ಲದಿದ್ದರೆ ಕಡೆಗೆ ಪಿಐಓಗೆ ತಂದು ನಿಲ್ಲಿಸುವುದು. ಇಳಿದದ್ದು ತಾನಾಗಿ ಮತ್ತೆ ಏರುವುದಿಲ್ಲ.

ಪರೀಕ್ಷೆ ಸುಲಭ. ಡಿವೈಸ್ ಮ್ಯಾನೇಜರಿನಲ್ಲಿ ಪ್ರೈಮರಿ ಐಡಿಇ ಚಾನೆಲ್ ತೆರೆದು, ಅಡ್ವಾನ್ಸ್ಡ್ ಸೆಟಿಂಗ್ಸ್ ನೋಡಿದರೆ ಈಗಿನ ಕ್ರಮ ಯಾವುದೆಂದು ತಿಳಿಯುವುದು. ಪಿಐಓ ಎಂದಿದ್ದರೆ ರೋಗ ಸಿಕ್ಕಿತು. ಆದರೂ ಆತುರ ಸಲ್ಲದು. ಎಷ್ಟೇ ನಿಧಾನವಾಗಲಿ, ಅಮೂಲ್ಯವಾದ ಚಿತ್ರಗಳ ನಕಲು ಮೊದಲು ಮುಗಿಯಬೇಕು. ದೋಷಗಳಿಗೆ ಡಿಸ್ಕೇ ಕಾರಣವಾಗಿರಲೂಬಹುದು. ಅನಂತರ ವಿದ್ಯುತ್ತಿನ ಪ್ಲಗ್ಗನ್ನು ಕಿತ್ತು, ಪಟ್ಟಿಯಂಥ ಕೇಬಲ್ಲನ್ನು ಪರಿಶೀಲಿಸಬೇಕು. ಅದರಲ್ಲಿ 80 ತಂತಿಗಳಿರಬೇಕು. 40 ತಂತಿಗಳ ಹಳೆಯ ಕೇಬಲ್ ಸೆಕೆಂಡಿಗೆ 33 ಮೆಗಾಬೈಟಿಗಿಂತ ಹೆಚ್ಚಿನ ವೇಗಕ್ಕೆ ತಕ್ಕುದಲ್ಲ. ನೀಲಿ ತುದಿ ಮದರ್‌ಬೋರ್ಡಿಗೆ, ಕಪ್ಪು ತುದಿ ಮುಖ್ಯ ಡಿಸ್ಕಿಗೆ. ಸಡಿಲವಾಗಿದ್ದರೆ ಬಿಗಿಗೊಳಿಸಬೇಕು, ಸೀಳಿದ್ದರೆ ಬದಲಿಸಬೇಕು.

ಬಳಿಕ ಡಿವೈಸ್ ಮ್ಯಾನೇಜರಿನಲ್ಲಿ ಅದೇ ಚಾನೆಲ್ಲನ್ನು ಅನ್‌ಇನ್‌ಸ್ಟಾಲ್ ಮಾಡಿ ಯಂತ್ರವನ್ನು ಮರಳಿ ಚಾಲೂ ಮಾಡಿದರೆ, ವಿಂಡೋಸ್ ಅದನ್ನು ಹೊಸದಾಗಿ ಗುರುತಿಸಿ ಹಳೆಯ ಲೆಕ್ಕವನ್ನು ಮರೆಯುವುದು, ವೇಗ ಹಿಂದಿರುಗುವುದು.

ಕೇಬಲ್ ಬದಲಿಸಿದ ಮೇಲೂ ಕೆಲವೇ ದಿನಗಳಲ್ಲಿ ಮತ್ತೆ ಪಿಐಓ ಕಾಣಿಸಿತೆ? ಹಾಗಾದರೆ ಡಿಸ್ಕನ್ನು ಇನ್ನು ನಂಬುವಂತಿಲ್ಲ. ಮೊದಲೇ ನಕಲು ಮಾಡಿಟ್ಟವರಿಗೆ ಆಗ ಹೋಗುವುದು ಒಂದು ಡಿಸ್ಕು ಮಾತ್ರ. ಅಜ್ಜಿಯ ದನಿ ಮನೆಯಲ್ಲಿಯೇ ಇರುವುದು.