ಊಟದ ಮೇಲೆ ಹಣ್ಣು ತಿಂದರೆ ಅದರ ಸತ್ವ ಹಾಳಾಗುತ್ತದೆಯೇ?

ಹಣ್ಣನ್ನು ಖಾಲಿ ಹೊಟ್ಟೆಯಲ್ಲೇ ತಿನ್ನಬೇಕು, ಊಟದ ಮೇಲೆ ತಿಂದರೆ ಅನ್ನದ ಜೊತೆ ಕೊಳೆತು ಆ್ಯಂಟಿಆಕ್ಸಿಡೆಂಟ್ ಎಲ್ಲ ನಷ್ಟವಾಗುತ್ತದೆ ಎಂಬ ಸಂದೇಶ ವರ್ಷಗಳಿಂದ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಖಾಲಿ ಹೊಟ್ಟೆಯ ಹಣ್ಣಿನಿಂದ ಕ್ಯಾನ್ಸರ್ ಕೂಡ ಗುಣವಾಗುತ್ತದೆ ಎಂದು ಸೇರಿಸುವವರೂ ಇದ್ದಾರೆ. ಇದರಲ್ಲಿ ನಿಜವೆಷ್ಟು ನೋಡೋಣ.

ಹೊಟ್ಟೆಯಲ್ಲಿ ಹಣ್ಣು ಕೊಳೆಯುತ್ತದೆಯೇ?

ಇಲ್ಲ. ಜಠರದಲ್ಲಿ ಇರುವುದು ತೀಕ್ಷ್ಣ ಆಮ್ಲ. ಆಹಾರ ಕೊಳೆಯಲು ಬೇಕಾದ ಬ್ಯಾಕ್ಟೀರಿಯಾಗಳು ಅಲ್ಲಿ ಬೆಳೆಯುವುದು ಕಷ್ಟ. ಊಟದ ಮೇಲೆ ತಿಂದ ಹಣ್ಣು ಜಠರದಿಂದ ಸ್ವಲ್ಪ ನಿಧಾನವಾಗಿ ಮುಂದೆ ಹೋಗಬಹುದು, ಅಷ್ಟೇ. ಪೋಷಕಾಂಶಗಳನ್ನು ಹೆಚ್ಚಾಗಿ ಹೀರಿಕೊಳ್ಳುವುದು ಸುಮಾರು ಆರು ಮೀಟರ್ ಉದ್ದದ ಸಣ್ಣ ಕರುಳು. ತಡವಾಗಿ ಬಂದ ಹಣ್ಣನ್ನೂ ಅದು ಬಿಡುವುದಿಲ್ಲ.

ಆ್ಯಂಟಿಆಕ್ಸಿಡೆಂಟ್ ಕಥೆ ಏನು?

ಎಲ್ಲ ಆ್ಯಂಟಿಆಕ್ಸಿಡೆಂಟ್‌ಗಳೂ ಒಂದೇ ಅಲ್ಲ. ಸಿದ್ಧಕಟ್ಟೆ, ಮೂಡುಬಿದಿರೆ, ಬೆಳ್ತಂಗಡಿ ಕಡೆಯ ಹಿತ್ತಲಿನ ಹಣ್ಣುಗಳನ್ನೇ ತೆಗೆದುಕೊಳ್ಳೋಣ. ಪೇರಳೆಯಲ್ಲಿ ವಿಟಮಿನ್ ಸಿ ಇದೆ. 100 ಗ್ರಾಂನಲ್ಲಿ ಸುಮಾರು 200 ಮಿಲಿಗ್ರಾಂ. ಇದು ನೀರಿನಲ್ಲಿ ಕರಗುವುದರಿಂದ ಯಾವಾಗ ತಿಂದರೂ ದೇಹ ಸೇರುತ್ತದೆ. ಪಪ್ಪಾಯಿ, ಮಾವಿನ ಹಳದಿ-ಕಿತ್ತಳೆ ಬಣ್ಣಕ್ಕೆ ಕಾರಣವಾದ ಕೆರೊಟಿನಾಯ್ಡ್‌ಗಳು ಹೀರಲ್ಪಡಲು ಸ್ವಲ್ಪ ಎಣ್ಣೆ, ಕೊಬ್ಬು ಬೇಕು. ಅಂದರೆ ತೆಂಗಿನಕಾಯಿ ಹಾಕಿದ ಸಾಂಬಾರಿನ ಊಟದ ಜೊತೆ ತಿಂದರೇ ಅವುಗಳಿಗೆ ಹೆಚ್ಚು ಅನುಕೂಲ. ಪುನರ್ಪುಳಿಯ ಕೆಂಪು ಬಣ್ಣವಾದ ಆಂಥೋಸಯಾನಿನ್ ಕೂಡ ಆ್ಯಂಟಿಆಕ್ಸಿಡೆಂಟ್. ನಮ್ಮ ಹಿರಿಯರು ಪುನರ್ಪುಳಿ ಸಾರನ್ನು ಬಡಿಸಿದ್ದು ಊಟದ ಜೊತೆಗೇ ಅಲ್ಲವೇ?

2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಆ್ಯಂಟಿಆಕ್ಸಿಡೆಂಟ್ ಇಲ್ಲದ ಆಹಾರ ತೆಗೆದುಕೊಂಡ ಬಳಿಕ ರಕ್ತದ ಆ್ಯಂಟಿಆಕ್ಸಿಡೆಂಟ್ ಸಾಮರ್ಥ್ಯ ಇಳಿದಿತ್ತು. ಬ್ಲೂಬೆರಿ, ದ್ರಾಕ್ಷಿ, ಕಿವಿ ಹಣ್ಣು ತಿಂದಾಗ ಅದು ಏರಿತ್ತು. ಪ್ರತಿ ಊಟದಲ್ಲೂ ಇಂಥ ಆಹಾರ ಇರಲಿ ಎಂಬುದೇ ಸಂಶೋಧಕರ ಸಲಹೆಯಾಗಿತ್ತು.

ನಂಬಿದರೆ ನಷ್ಟ ಯಾರಿಗೆ?

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಹರಿವೆ ಸೊಪ್ಪು, ಹೆಸರುಕಾಳಿನಲ್ಲಿರುವ ಕಬ್ಬಿಣವನ್ನು ದೇಹ ಸುಲಭವಾಗಿ ಹೀರುವುದಿಲ್ಲ. ಅದೇ ಊಟದಲ್ಲಿ ವಿಟಮಿನ್ ಸಿ ಇದ್ದರೆ ಹೀರುವಿಕೆ ಹೆಚ್ಚುತ್ತದೆ. ಊಟದ ಹೊತ್ತಿಗೆ ಹಣ್ಣು ಬೇಡ ಎಂದರೆ ಈ ಲಾಭ ಕೈತಪ್ಪುತ್ತದೆ. ಊಟವಾದ ಕೂಡಲೇ ಚಹಾ ಕುಡಿದರೆ ಮಾತ್ರ ಕಬ್ಬಿಣದ ಹೀರುವಿಕೆ ಕಡಿಮೆಯಾಗುತ್ತದೆ.

ಇನ್ನು, ಹಣ್ಣಿನಿಂದ ಕ್ಯಾನ್ಸರ್ ಗುಣವಾಗುವುದಿಲ್ಲ, ಯಾವ ಹೊತ್ತಿಗೆ ತಿಂದರೂ ಅಷ್ಟೇ. ಇದನ್ನು ನಂಬಿ ಚಿಕಿತ್ಸೆ ಮುಂದೂಡಿದರೆ ಜೀವಕ್ಕೇ ಅಪಾಯ.

ಹಾಗಾದರೆ ಏನು ಮಾಡಬೇಕು?

ಹಣ್ಣನ್ನು ನಿಮಗೆ ಅನುಕೂಲವಾದ ಹೊತ್ತಿನಲ್ಲಿ ತಿನ್ನಿ. ಊಟದ ಮೇಲೆ ತಿಂದರೆ ಹೊಟ್ಟೆ ಉಬ್ಬರಿಸುತ್ತದೆ ಎನ್ನುವವರು ಸ್ವಲ್ಪ ಬಿಟ್ಟು ತಿನ್ನಬಹುದು. ಮಧುಮೇಹ ಇರುವವರು ಹೊತ್ತಿಗಿಂತ ಹೆಚ್ಚಾಗಿ ಪ್ರಮಾಣದ ಕಡೆ ಗಮನ ಕೊಡಲಿ, ವೈದ್ಯರನ್ನು ಕೇಳಲಿ. ಆ ಸಂದೇಶ ಮತ್ತೆ ಬಂದರೆ ಮುಂದಕ್ಕೆ ಕಳುಹಿಸಬೇಡಿ.